ಕಲ್ಲೆದೆಯವರಿಗೆ ಷೇರುಪೇಟೆ ಒಲಿಯುತ್ತದೆಯೇ?

ಸೈಕೋಪಥಿ ಎಂಬುದು ವ್ಯಕ್ತಿತ್ವದ ಒಂದು ಬಗೆ. ಇನ್ನೊಬ್ಬರ ನೋವು ಮನಸ್ಸಿಗೆ ತಟ್ಟದಿರುವುದು, ತಪ್ಪು ಮಾಡಿಯೂ ಪಶ್ಚಾತ್ತಾಪ ಪಡದಿರುವುದು, ಭಯ ತೀರಾ ಕಡಿಮೆ ಇರುವುದು, ಸಲೀಸಾಗಿ ಸುಳ್ಳು ಹೇಳುವುದು, ಹಿಂದುಮುಂದು ನೋಡದೆ ನುಗ್ಗುವುದು ಇದರ ಮುಖ್ಯ ಲಕ್ಷಣಗಳು. ಹೊರನೋಟಕ್ಕೆ ಇಂಥವರು ಮಾತಿನಲ್ಲೇ ಮೋಡಿ ಮಾಡುತ್ತಾರೆ. ಅಮೆರಿಕದ ಮನೋವೈದ್ಯ ಹರ್ವಿ ಕ್ಲೆಕ್ಲಿ 1941ರಲ್ಲಿ ಪ್ರಕಟವಾದ ‘ದಿ ಮಾಸ್ಕ್ ಆಫ್ ಸ್ಯಾನಿಟಿ’ ಪುಸ್ತಕದಲ್ಲಿ ಈ ಲಕ್ಷಣಗಳನ್ನು ವಿವರಿಸಿದರು. ಕೆನಡಾದ ಮನಶ್ಶಾಸ್ತ್ರಜ್ಞ ರಾಬರ್ಟ್ ಹೇರ್ ಅವನ್ನು ಅಳೆಯಲು 20 ಅಂಶಗಳ ಪಟ್ಟಿಯೊಂದನ್ನು ರೂಪಿಸಿದರು. ಪ್ರತಿ ಅಂಶಕ್ಕೆ ಗರಿಷ್ಠ 2 ಅಂಕ, ಒಟ್ಟು 40. ಸಾಮಾನ್ಯವಾಗಿ 30 ಅಥವಾ ಹೆಚ್ಚು ಅಂಕ ಪಡೆದವರನ್ನು ಸೈಕೋಪಾತ್ ಎಂದು ಗುರುತಿಸುತ್ತಾರೆ. ಅದಕ್ಕಿಂತ ಕಡಿಮೆ ಅಂಕ ಪಡೆದವರಲ್ಲೂ ಈ ಲಕ್ಷಣಗಳು ಅಷ್ಟಿಷ್ಟು ಇರಬಹುದು.

ಗುಂಡಿಗೆ ಗಟ್ಟಿಯಿದ್ದವರಿಗೇ ಟ್ರೇಡಿಂಗ್ ಎಂಬ ಮಾತು ಷೇರುಪೇಟೆಯಲ್ಲಿ ಹಳೆಯದು. ಅದೇ ಮಾತು ಬೆಳೆದು, ಭಯವೂ ಕರುಣೆಯೂ ಇಲ್ಲದವರು ಮಾರುಕಟ್ಟೆಯಲ್ಲಿ ಹೆಚ್ಚು ಗಳಿಸುತ್ತಾರೆ ಎಂಬ ನಂಬಿಕೆಯಾಗಿದೆ. ದುಡ್ಡು ಹಾಕುವವರ ನಡವಳಿಕೆಯನ್ನೂ, ದುಡ್ಡನ್ನು ಯಾರ ಕೈಗೆ ಒಪ್ಪಿಸಬೇಕೆಂಬ ಆಯ್ಕೆಯನ್ನೂ ಈ ನಂಬಿಕೆ ಪ್ರಭಾವಿಸುವುದರಿಂದ ಅದರ ನಿಜವನ್ನು ತಿಳಿಯುವುದು ಅಗತ್ಯ.

ಹತ್ತರಲ್ಲಿ ಒಬ್ಬರು ಎಂಬ ಲೆಕ್ಕ

ವಾಲ್‌ಸ್ಟ್ರೀಟ್‌ನಲ್ಲಿ ಕೆಲಸ ಮಾಡುವ ಹತ್ತು ಜನರಲ್ಲಿ ಒಬ್ಬರು ಸೈಕೋಪಾತ್ ಎಂಬ ಸುದ್ದಿ 2012ರಲ್ಲಿ ಜಗತ್ತಿನಾದ್ಯಂತ ಹರಡಿತು. ಅದಕ್ಕೆ ಆಧಾರವೆಂದು ತೋರಿಸಿದ ಅಧ್ಯಯನದಲ್ಲಿ ಅಂಥ ಮಾತೇ ಇರಲಿಲ್ಲ. ಆ ಲೆಕ್ಕವನ್ನು ಪ್ರಕಟಿಸಿದ್ದ ನ್ಯೂಯಾರ್ಕ್ ಟೈಮ್ಸ್ ಬಳಿಕ ತಿದ್ದುಪಡಿ ಹಾಕಿತು. ಪಾಲ್ ಬಾಬಿಯಾಕ್, ಹೇರ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಆ ಅಧ್ಯಯನ, ಬೇರೆ ಬೇರೆ ಕಂಪನಿಗಳ 203 ಉದ್ಯೋಗಿಗಳನ್ನು ಕುರಿತದ್ದು. ಅವರಲ್ಲಿ ಸುಮಾರು ಶೇ 4ರಷ್ಟು ಮಂದಿ 30ರ ಮಿತಿ ಮುಟ್ಟಿದ ಅಂಕ ಪಡೆದಿದ್ದರು. ಅಂಕ ಹೆಚ್ಚಿದ್ದವರನ್ನು ಸಹೋದ್ಯೋಗಿಗಳು ಚೆನ್ನಾಗಿ ಮಾತನಾಡುವವರು, ಹೊಸದಾಗಿ ಯೋಚಿಸುವವರು ಎಂದು ಮೆಚ್ಚಿದ್ದರು. ಆದರೆ ಹೊಣೆ ಹೊತ್ತು ಕೆಲಸ ಮುಗಿಸುವ ವಿಷಯದಲ್ಲಿ ಅವರಿಗೇ ಕಡಿಮೆ ಅಂಕ ಬಿದ್ದಿತ್ತು.

ಭಯವಿಲ್ಲದವರು ಗೆದ್ದ ಆಟ, ಸೋತ ಆಟ

ಈ ನಂಬಿಕೆಗೆ ಬಲ ಕೊಟ್ಟ ಪ್ರಯೋಗವೊಂದು 2005ರಲ್ಲಿ ಪ್ರಕಟವಾಯಿತು. ಬಾಬಾ ಶಿವ್, ಜಾರ್ಜ್ ಲೋವೆನ್‌ಸ್ಟೈನ್, ಆಂಟೊಯಿನ್ ಬೆಕಾರಾ ಮತ್ತು ಡಮಾಸಿಯೊ ದಂಪತಿ ಅದನ್ನು ನಡೆಸಿದವರು. ಆಡುವವರ ಕೈಗೆ 20 ಡಾಲರ್ ಕೊಟ್ಟು 20 ಸುತ್ತು ನಾಣ್ಯ ಚಿಮ್ಮಲಾಯಿತು. ಒಂದು ಸುತ್ತಿಗೆ 1 ಡಾಲರ್ ಹೂಡಬಹುದು, ಬೇಡವೆಂದು ಬಿಡಲೂಬಹುದು. ಸೋತರೆ ಹೂಡಿದ ಡಾಲರ್ ಹೋಗುತ್ತದೆ, ಗೆದ್ದರೆ ಎರಡೂವರೆ ಡಾಲರ್ ಬರುತ್ತದೆ. ಎಲ್ಲ ಸುತ್ತಿನಲ್ಲೂ ಹೂಡುವುದೇ ಇಲ್ಲಿ ಲಾಭದ ದಾರಿ. ಆದರೂ ಸಾಮಾನ್ಯ ಜನ ಒಂದೆರಡು ಸಲ ಸೋತ ಕೂಡಲೇ ಹಿಂಜರಿದರು. ಅವರ ಕೈಯಲ್ಲಿ ಕೊನೆಗೆ ಉಳಿದದ್ದು ಸರಾಸರಿ 22.80 ಡಾಲರ್. ಮಿದುಳಿನ ಭಾವನೆಯ ಭಾಗಗಳಿಗೆ ಪೆಟ್ಟಾಗಿದ್ದವರು ಹಿಂಜರಿಯದೆ ಹೂಡುತ್ತ ಹೋಗಿ 25.70 ಡಾಲರ್ ಗಳಿಸಿದರು. ಸೈಕೋಪಾತ್‌ಗಳು ಒಳ್ಳೆಯ ಹೂಡಿಕೆದಾರರು ಎಂಬ ಶೀರ್ಷಿಕೆಗಳು ಹುಟ್ಟಿದ್ದು ಇದರಿಂದಲೇ. ಆದರೆ ಆಡಿದವರು ಮಿದುಳಿಗೆ ಗಾಯವಾದ ರೋಗಿಗಳು, ಸೈಕೋಪಾತ್‌ಗಳಲ್ಲ. ಜೊತೆಗೆ, ಆ ಆಟದ ಲೆಕ್ಕ ಮೊದಲಿನಿಂದ ಕೊನೆಯವರೆಗೂ ಆಡುವವರ ಪರವಾಗಿಯೇ ಇತ್ತು. ಯಾವ ಷೇರುಪೇಟೆಯೂ ಅಂಥ ಭರವಸೆ ಕೊಡುವುದಿಲ್ಲ.

ನಿಯಮ ತಿಳಿಸದ ಆಟದಲ್ಲಿ ಫಲಿತಾಂಶ ತಲೆಕೆಳಗಾಗುತ್ತದೆ. ಬೆಕಾರಾ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಇಸ್ಪೀಟಿನ ಪ್ರಯೋಗದಲ್ಲಿ ನಾಲ್ಕು ಕಟ್ಟುಗಳಿದ್ದವು. ಎರಡರಲ್ಲಿ ಗೆಲುವು ದೊಡ್ಡದು, ಆಗಾಗ ಬರುವ ಸೋಲು ಅದಕ್ಕಿಂತ ದೊಡ್ಡದು. ಉಳಿದೆರಡರಲ್ಲಿ ಗೆಲುವು ಚಿಕ್ಕದು, ಸೋಲು ಇನ್ನೂ ಚಿಕ್ಕದು. ಸಾಮಾನ್ಯ ಜನ ಆಡುತ್ತಾ ಆಡುತ್ತಾ ಕೆಟ್ಟ ಕಟ್ಟುಗಳಿಂದ ದೂರ ಸರಿದರು. ಹಣೆಯ ಹಿಂದಿನ ಮಿದುಳಿನ ಕೆಳಭಾಗಕ್ಕೆ ಪೆಟ್ಟಾದವರು ಅವನ್ನೇ ಎಳೆಯುತ್ತ ಹೋಗಿ ನಷ್ಟ ಮಾಡಿಕೊಂಡರು.

ನೇರವಾಗಿ ಸೈಕೋಪಥಿಯ ಮೇಲೆ ಬೆಳಕು ಚೆಲ್ಲುವುದು ಜೋಸೆಫ್ ನ್ಯೂಮನ್ ಮತ್ತು ಸಂಗಡಿಗರ 1987ರ ಅಧ್ಯಯನ. ಅಲ್ಲಿ ಆಡಿದವರು ಜೈಲಿನ ಕೈದಿಗಳು. ಮೊದಲ ಹತ್ತು ಎಲೆಗಳಲ್ಲಿ ಗೆಲುವಿನ ಸಂಭವ ಶೇ 90. ಮುಂದೆ ಹತ್ತು ಎಲೆಗಳಿಗೊಮ್ಮೆ ಅದು ಶೇ 10ರಂತೆ ಇಳಿಯುತ್ತಿತ್ತು. ಯಾವಾಗ ಬೇಕಾದರೂ ಆಟ ನಿಲ್ಲಿಸಿ ದುಡ್ಡಿನೊಡನೆ ಏಳಬಹುದಾಗಿತ್ತು. ಸೈಕೋಪಥಿ ಇದ್ದವರು ಸೋಲು ಕಣ್ಣೆದುರೇ ಹೆಚ್ಚುತ್ತಿದ್ದರೂ ಏಳಲಿಲ್ಲ. ಉಳಿದವರಿಗಿಂತ ಹೆಚ್ಚು ಎಲೆ ಎಳೆದು ಹೆಚ್ಚು ಹಣ ಕಳೆದುಕೊಂಡರು. ಈವರೆಗಿನ ಫಲಿತಾಂಶ ತೋರಿಸಿ, ಮುಂದಿನ ಎಲೆಗೆ 5 ಸೆಕೆಂಡ್ ಕಾಯುವಂತೆ ಮಾಡಿದಾಗ ಈ ವ್ಯತ್ಯಾಸ ಉಳಿಯಲಿಲ್ಲ. ಗೆಲುವಿನ ಬೆನ್ನು ಹತ್ತಿದವನ ಗಮನ ಸೋಲಿನ ಕಡೆ ಹರಿಯುವುದೇ ಇಲ್ಲ, ಹರಿಯಲು ಸ್ವಲ್ಪ ಬಿಡುವು ಬೇಕು ಎಂಬುದು ಇದರಿಂದ ತಿಳಿಯುತ್ತದೆ.

ನಿಜವಾದ ಮಾರುಕಟ್ಟೆಯ ಸಾಕ್ಷ್ಯ

ಲೀಆನ್ ಟೆನ್ ಬ್ರಿಂಕಿ, ಏಮಿ ಕಿಶ್ ಮತ್ತು ಡ್ಯಾಕರ್ ಕೆಲ್ಟ್ನರ್ 101 ಹೆಡ್ಜ್ ಫಂಡ್ (ಸಿರಿವಂತರ ಮತ್ತು ಸಂಸ್ಥೆಗಳ ಹಣ ಹೂಡುವ ನಿಧಿ) ಮ್ಯಾನೇಜರ್‌ಗಳ ವಿಡಿಯೊ ಸಂದರ್ಶನಗಳಲ್ಲಿ ಕಂಡ ಹಾವಭಾವವನ್ನು ಅಳೆದು, 2005ರಿಂದ 2015ರವರೆಗಿನ ಅವರ ಫಂಡ್‌ಗಳ ಗಳಿಕೆಯೊಡನೆ ಹೋಲಿಸಿದರು. ಸೈಕೋಪಥಿಯ ಲಕ್ಷಣ ಹೆಚ್ಚಿದ್ದವರ ಫಂಡ್‌ಗಳು ವರ್ಷಕ್ಕೆ ಸುಮಾರು ಶೇ 1ರಷ್ಟು ಕಡಿಮೆ ಗಳಿಸಿದ್ದವು. ಈ ಒಂದು ಶೇಕಡಾ ಸಣ್ಣದಲ್ಲ. 10 ಲಕ್ಷ ರೂಪಾಯಿ ಶೇ 12ರಂತೆ 20 ವರ್ಷ ಬೆಳೆದರೆ ಸುಮಾರು 96 ಲಕ್ಷವಾಗುತ್ತದೆ, ಶೇ 11ರಂತೆ ಬೆಳೆದರೆ ಸುಮಾರು 81 ಲಕ್ಷ.

ಹಾಗೆಂದು ಭಾವಾವೇಶ ಒಳ್ಳೆಯದೆಂದಲ್ಲ. ಆ್ಯಂಡ್ರ್ಯೂ ಲೋ ಮತ್ತು ಸಂಗಡಿಗರು 2005ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ 80 ಡೇ ಟ್ರೇಡರ್‌ಗಳನ್ನು ಗಮನಿಸಿದಾಗ, ಲಾಭಕ್ಕೆ ಹಿಗ್ಗಿ ನಷ್ಟಕ್ಕೆ ಕುಗ್ಗುವವರ ಗಳಿಕೆ ಕಡಿಮೆಯಿತ್ತು. ಯಶಸ್ವಿ ಟ್ರೇಡರ್‌ಗೆ ಇಂಥದೇ ವ್ಯಕ್ತಿತ್ವ ಇರಬೇಕೆನ್ನಲು ಆಧಾರ ಸಿಗಲಿಲ್ಲ. ಜಾನ್ ಕೋಟ್ಸ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಲಂಡನ್ನಿನ 18 ಟ್ರೇಡರ್‌ಗಳಿಗೆ, ನಾಡಿ ಮುಟ್ಟದೆ ತಮ್ಮ ಎದೆಬಡಿತ ಎಣಿಸಲು ಹೇಳಿದರು. ಸರಿಯಾಗಿ ಎಣಿಸಿದವರೇ ಹೆಚ್ಚು ಗಳಿಸಿದ್ದರು, ವೃತ್ತಿಯಲ್ಲಿ ಹೆಚ್ಚು ಕಾಲ ಬಾಳಿದ್ದರು. ಒಳ್ಳೆಯ ಟ್ರೇಡರ್ ಭಯವನ್ನು ಗುರುತಿಸುತ್ತಾನೆ, ಆದರೆ ಅದರ ಕೈಗೆ ಲಗಾಮು ಕೊಡುವುದಿಲ್ಲ.

ಹಾಗಿದ್ದರೂ ನಿರ್ದಯಿಗಳೇ ಗೆಲ್ಲುತ್ತಾರೆಂದು ತೋರುವುದಕ್ಕೆ ಕಾರಣಗಳಿವೆ. ಪರರ ದುಡ್ಡಿನಲ್ಲಿ ಆಡುವವರಿಗೆ ಗೆದ್ದ ವರ್ಷ ಬೋನಸ್ ಸಿಗುತ್ತದೆ, ಸೋತ ವರ್ಷದ ನಷ್ಟ ಹೂಡಿದವರ ತಲೆಗೆ ಬರುತ್ತದೆ. ದೊಡ್ಡ ಅಪಾಯಕ್ಕೆ ಕೈಹಾಕಿದ ನೂರು ಜನರಲ್ಲಿ ಅದೃಷ್ಟದಿಂದ ಉಳಿದ ನಾಲ್ಕಾರು ಜನರಷ್ಟೇ ಸುದ್ದಿಯಾಗುತ್ತಾರೆ.

ಸಣ್ಣ ಹೂಡಿಕೆದಾರರಿಗೆ ಪಾಠ

ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2021–22ರಿಂದ 2023–24ರವರೆಗಿನ ಮೂರು ವರ್ಷಗಳಲ್ಲಿ ಷೇರುಗಳ ಮುಂದಿನ ಬೆಲೆಯನ್ನು ಆಧರಿಸಿದ ಒಪ್ಪಂದಗಳಾದ ಫ್ಯೂಚರ್ಸ್ ಅಂಡ್ ಆಪ್ಷನ್ಸ್‌ನಲ್ಲಿ ತೊಡಗಿದ ವೈಯಕ್ತಿಕ ಟ್ರೇಡರ್‌ಗಳಲ್ಲಿ ಶೇ 93ರಷ್ಟು ಮಂದಿ ನಷ್ಟ ಅನುಭವಿಸಿದರು. ಅವರ ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿತ್ತು. ನಷ್ಟ ಮಾಡಿಕೊಂಡವರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಮಂದಿ ಆಮೇಲೂ ವಹಿವಾಟು ನಿಲ್ಲಿಸಲಿಲ್ಲ. ಇವರಲ್ಲಿ ಬಹುತೇಕರು ಮನೆ ನಡೆಸುವ ಸಾಧಾರಣ ಜನ; ಆದರೂ ನ್ಯೂಮನ್ ಪ್ರಯೋಗದ ಕೈದಿಗಳಂತೆ, ಸೋಲು ಕಂಡರೂ ಆಟದಿಂದ ಏಳಲಿಲ್ಲ. ಆದಾಯ ತೆರಿಗೆ ವಿವರ ಸಲ್ಲಿಸುವ ಹೊತ್ತಿಗೆ ಪರಿಚಿತರ ಇಂಥ ಲೆಕ್ಕಗಳನ್ನು ನೋಡುತ್ತ ಬಂದಿರುವ ಈ ಅಂಕಣಕಾರನ ಅನುಭವವೂ ಅದನ್ನೇ ಹೇಳುತ್ತದೆ: ಹಲವು ದಿನಗಳ ಸಣ್ಣ ಲಾಭವನ್ನು, ಬೆಳಗ್ಗೆ ಕಳೆದದ್ದನ್ನು ಮಧ್ಯಾಹ್ನವೇ ಗಳಿಸಲು ವಹಿವಾಟಿನ ಗಾತ್ರವನ್ನು (ಲಾಟ್) ದುಪ್ಪಟ್ಟು ಮಾಡಿದ ಒಂದೆರಡು ದಿನಗಳು ನುಂಗಿರುತ್ತವೆ.

ಆದ್ದರಿಂದ ಬೇಕಾದದ್ದು ಕಲ್ಲೆದೆಗಿಂತ ಮುಖ್ಯವಾಗಿ ಕಟ್ಟುಪಾಡು. ಕೊಳ್ಳುವ ಮೊದಲೇ ಸ್ಟಾಪ್‌ಲಾಸ್, ಅಂದರೆ ಎಷ್ಟಕ್ಕೆ ಇಳಿದರೆ ಮಾರಿಬಿಡಬೇಕೆಂಬ ಬೆಲೆ, ಬರೆದಿಡಬೇಕು, ಬೆಲೆ ಇಳಿದಾಗ ಅದನ್ನು ಕೆಳಗೆ ಸರಿಸಬಾರದು. ಇಳಿಯುತ್ತಿರುವುದನ್ನೇ ಮತ್ತೆ ಕೊಂಡು ಆವರೇಜ್ ಮಾಡಬಾರದು. ದಿನದ ನಷ್ಟಕ್ಕೆ ಮಿತಿ ಇರಬೇಕು. ಅದು ಮುಟ್ಟಿದ ಕೂಡಲೇ ಆ ದಿನದ ವಹಿವಾಟು ಮುಗಿಯಬೇಕು. ಕೆಲವು ಬ್ರೋಕರ್‌ಗಳ ಆ್ಯಪ್‌ನಲ್ಲಿರುವ ‘ಕಿಲ್ ಸ್ವಿಚ್’ ಇದಕ್ಕೆಂದೇ ಇದೆ. ಸಾಲದ ಹಣ, ಮಕ್ಕಳ ಫೀಸಿನ ಹಣ ಇದರಲ್ಲಿ ಸೇರಲೇಬಾರದು.

ಹಣವನ್ನು ಬೇರೆಯವರಿಗೆ ಒಪ್ಪಿಸುವಾಗ ಅವರ ಧೈರ್ಯದ ಮಾತು, ಠೀವಿ ಅರ್ಹತೆಯ ಗುರುತಲ್ಲ. ಸೆಬಿ ನೋಂದಣಿ ಸಂಖ್ಯೆ ಪರಿಶೀಲಿಸಬೇಕು, ಏರುಪೇಟೆ ಇಳಿಪೇಟೆ ಎರಡರಲ್ಲೂ ಅವರ ಗಳಿಕೆ ಹೇಗಿತ್ತೆಂದು ನೋಡಬೇಕು, ಶುಲ್ಕ ಕೇಳಬೇಕು. ನಷ್ಟವಾದ ವರ್ಷದ ಬಗ್ಗೆ ಕೇಳಿದರೆ ಲೆಕ್ಕ ತೋರಿಸಿ ಉತ್ತರಿಸುವವರು ನಂಬಿಕೆಗೆ ಹತ್ತಿರ. ಖಚಿತ ಲಾಭದ ಭರವಸೆ ಕೊಡುವವರಿಂದ ದೂರವಿರಬೇಕು.