ಬೋಳದ ಹೆಸರು, ಬಾಟಲಿಯ ಹನಿ

ಮದರಾಸಿನ ಅಂಬತ್ತೂರಿನಲ್ಲಿ ನೆಲೆಸಿರುವ ಕನ್ನಡದ ತಂದೆತಾಯಿಯರಿಗೆ ಮೊದಲು ಹೆಸರಿನ ವಿಷಯ ಹೇಳಿಬಿಡುತ್ತೇನೆ. ನಾವು ರಕ್ತಬೋಳ ಎನ್ನುವ ಅಂಟನ್ನು ತಮಿಳರು ‘ವೆಳ್ಳೈಪ್ಪೋಳಂ’, ಎಂದರೆ ಬಿಳಿಬೋಳ, ಎನ್ನುತ್ತಾರೆ. ಶಿಶು ಯೇಸುವಿಗೆ ಜ್ಞಾನಿಗಳು ತಂದ ಕಾಣಿಕೆಗಳಲ್ಲಿ ಮೂರನೆಯದು ಇದೇ. ಕನ್ನಡ ಬೈಬಲಿನಲ್ಲಿ ಅದರ ಹೆಸರು ಕೆಂಪು, ತಮಿಳಿನದರಲ್ಲಿ ಬಿಳಿ. ಇಲ್ಲಿನ ‘ನಾಟ್ಟು ಮರುಂದು ಕಡೈ’, ಅಂದರೆ ನಮ್ಮ ಗ್ರಂಧಿಗೆ ಅಂಗಡಿಯಂಥಲ್ಲಿ, ಬರೀ ‘ಬೋಳ’ ಎಂದು ಕೇಳಿದರೆ ಕರಿಬೋಳ ಕೈಗೆ ಬಂದೀತು. ಅದು ಲೋಳೆಸರದ ಒಣಗಿಸಿದ ರಸ, ಬಲವಾದ ಭೇದಿಮದ್ದು. ಹೆಸರನ್ನು ಪೂರ್ತಿ ಹೇಳಿ, ವಾಸನೆ ನೋಡಿಯೇ ಕೊಳ್ಳಿ.

ರಕ್ತಬೋಳ ಸೊಮಾಲಿಯಾ, ಇಥಿಯೋಪಿಯಾ, ಯೆಮನ್ ಕಡೆಯ ಮುಳ್ಳುಮರದ ಅಂಟು. ನಮ್ಮ ಗುಗ್ಗುಳದ ಹತ್ತಿರದ ನೆಂಟ. ಎಸೆನ್ಶಿಯಲ್ ಆಯಿಲ್ ಎಂದು ಮಾರುವುದು ಆ ಅಂಟನ್ನು ಹಬೆಯಲ್ಲಿ ಬಟ್ಟಿ ಇಳಿಸಿ ತೆಗೆದ ಎಣ್ಣೆ. ಅಂಟಿನಲ್ಲಿ ಸ್ವಲ್ಪವೇ ಇದ್ದದ್ದು ಬಾಟಲಿಯಲ್ಲಿ ಒಟ್ಟಾಗಿರುತ್ತದೆ. ಹಾಗಾಗಿ ‘ಅಜ್ಜಿ ಬಳಸುತ್ತಿದ್ದರು’ ಎಂಬ ಧೈರ್ಯ ಈ ಹನಿಗೆ ಸಲ್ಲದು.

ಪರಿಮಳ ಮಾತ್ರ ನನಗೆ ಬಹಳ ಇಷ್ಟ. ಮೂಗಿಗೆ ಮೊದಲು ತಾಗುವುದು ಕಷಾಯದ ಕಹಿ. ಆಮೇಲೆ ಮಳೆಯಲ್ಲಿ ನೆಂದ ತೊಗಟೆ, ಒಂದಿಷ್ಟು ಅಣಬೆ. ಬಹಳ ಹೊತ್ತಿನ ಮೇಲೆ ಬೆಚ್ಚನೆಯ ಸಿಹಿ. ನಿಧಾನವಾಗಿ ಆವಿಯಾಗುವುದರಿಂದ ಬೇಗ ಹಾರಿಹೋಗುವ ಪರಿಮಳಗಳಿಗೆ ಇದು ತಳಹದಿಯಾಗುತ್ತದೆ. ಕಿತ್ತಳೆ ಮೂರು ಹನಿ, ಲ್ಯಾವೆಂಡರ್ ಎರಡು, ರಕ್ತಬೋಳ ಒಂದು: ಡಿಫ್ಯೂಸರಿಗೆ ಇಷ್ಟು ಸಾಕು. ಹೆಚ್ಚಾದರೆ ಕಹಿಯೇ ಮೇಲಾಗುತ್ತದೆ. ಕಿಟಕಿ ತೆರೆದಿಟ್ಟು ಅರ್ಧ ಗಂಟೆ ಹಚ್ಚಿ, ಆರಿಸಿಬಿಡಿ. ಹಸುಗೂಸಾಗಲಿ ಉಬ್ಬಸದ ಮಗುವಾಗಲಿ ಇರುವ ಕೋಣೆಯಲ್ಲಿ ಬೇಡ. ಎಣ್ಣೆ ಸ್ನಾನದ ನಂತರ ಕೂಸಿನ ತಲೆಗೆ ಸಾಂಬ್ರಾಣಿ ಹೊಗೆ ಹಿಡಿಯುವ ಪದ್ಧತಿ ಇಲ್ಲೂ ಇದೆ, ನಮ್ಮಲ್ಲೂ ಇದೆ. ಅದರ ಹಿಂದಿನ ಅಕ್ಕರೆ ನನಗೆ ಗೊತ್ತು. ಆದರೂ ಎಳೆಯ ಶ್ವಾಸಕೋಶಕ್ಕೆ ಹೊಗೆ ಹೊಗೆಯೇ. ಮೆತ್ತನೆ ಬಟ್ಟೆಯಲ್ಲಿ ತಲೆ ಒರೆಸಿದರೆ ಸಾಕು.

ಚರ್ಮಕ್ಕೆ ಹಚ್ಚುವುದಾದರೆ ದೊಡ್ಡವರಿಗೆ 30 ಮಿಲಿ ಕೊಬ್ಬರಿ ಎಣ್ಣೆಗೆ ಆರು ಹನಿ, ಸುಮಾರು ಶೇ. 1. ಮೊದಲು ಮೊಣಕೈ ಒಳಮಡಿಕೆಯಲ್ಲಿ ಚೂರು ಹಚ್ಚಿ ಒಂದು ದಿನ ಕಾಯಿರಿ. ಆರು ವರ್ಷದೊಳಗಿನ ಮಕ್ಕಳಿಗೆ ನಾನಂತೂ ಹಚ್ಚಿ ಎನ್ನುವುದಿಲ್ಲ. ಬಸುರಿಯರು, ಎದೆಹಾಲುಣಿಸುವವರು ಈ ಎಣ್ಣೆಯನ್ನು ಯಾವ ರೀತಿಯಲ್ಲೂ ಬಳಸಬಾರದು; ಭ್ರೂಣಕ್ಕೆ ಹಾನಿಯಾಗಬಹುದೆಂಬ ಶಂಕೆಯ ಅಂಶಗಳು ಅದರಲ್ಲಿವೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವ ಅಜ್ಜ ಅಜ್ಜಿ ಮನೆಯಲ್ಲಿದ್ದರೆ ಅವರ ವೈದ್ಯರನ್ನು ಕೇಳಿ. ಹಲ್ಲುನೋವೆಂದು ಮಗುವಿನ ವಸಡಿಗೆ ಒತ್ತುವುದು, ನೀರಿಗೆ ಹಾಕಿ ಕುಡಿಸುವುದು ಖಂಡಿತ ಬೇಡ.

ಬಾಟಲಿಯನ್ನು ದೇವರ ಗೂಡಿನಲ್ಲೋ ಡ್ರೆಸ್ಸಿಂಗ್ ಟೇಬಲ್ ಮೇಲೋ ಇಡಬೇಡಿ. ಕರ್ಪೂರ, ನೀಲಗಿರಿ ಎಣ್ಣೆಗೂ ಇದೇ ಮಾತು. ಅವು ಹೊಟ್ಟೆಗೆ ಹೋದ ಮಕ್ಕಳಿಗೆ ಫಿಟ್ಸ್ ಬರಬಹುದು. ಮದರಾಸಿನ ಸೆಖೆಗೆ ಎಣ್ಣೆ ಬೇಗ ಕೆಡುತ್ತದೆ, ಕೆಟ್ಟದ್ದು ಚರ್ಮವನ್ನು ಕೆರಳಿಸುತ್ತದೆ. ತಂಪಾದ, ಕತ್ತಲಿನ, ಬೀಗವಿರುವ ಕಪಾಟೇ ಸರಿ.

ಅಕಸ್ಮಾತ್ ಮಗು ಕುಡಿದುಬಿಟ್ಟರೆ ವಾಂತಿ ಮಾಡಿಸಬೇಡಿ. ಎಣ್ಣೆ ಶ್ವಾಸಕೋಶಕ್ಕೆ ಇಳಿದೀತು. 108ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ಬಾಟಲಿಯನ್ನೂ ಜೊತೆಗೇ ಒಯ್ಯಿರಿ.