ಮಗ್ಗುಲು ಹೊರಳಲು ಜಾಗ

ಹರಪನಹಳ್ಳಿ

ಪ್ರೀತಿಯ ಸೊಸೆಗೆ,

ಈ ಸಲ ಗೆಳತಿಯರ ಜೊತೆ ದಾವಣಗೆರೆಯಿಂದ ಕೊಟ್ಟೂರಿನ ತೇರಿಗೆ ನಡೆದೇ ಬರುತ್ತೀ ಎಂದು ನಿಮ್ಮಪ್ಪ ಹೇಳಿದ. ಕೇಳಿ ಹಿಗ್ಗಾಯಿತು. ದಾರಿಯಲ್ಲಿ ತಂಗುವಾಗ ಮಲಗಲು ಯಾವ ಸ್ಲೀಪಿಂಗ್ ಬ್ಯಾಗ್ ಕೊಳ್ಳಲಿ ಎಂದು ಫೋನಿಗೆ ಚಿತ್ರಗಳನ್ನು ಕಳಿಸಿದ್ದೀಯಲ್ಲ, ಅವನ್ನೆಲ್ಲ ದೊಡ್ಡದು ಮಾಡಿ ನೋಡಿದೆ. ಬಹುಪಾಲು ಹಿಮದ ಬೆಟ್ಟಕ್ಕೆ ಹೋಗುವವರ ಚೀಲಗಳು. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ ಕಡೆಯ ನಮ್ಮ ಹುಡುಗ ಹುಡುಗಿಯರೂ ಈಗ ಜಾತ್ರೆಗೆ, ಚಾರಣಕ್ಕೆ ಇಂಥವನ್ನೇ ತರಿಸಿಕೊಳ್ಳುತ್ತಿದ್ದಾರೆ. ಅದಕ್ಕೇ ನಿನಗೆ ಬರೆದ ಈ ಕಾಗದವನ್ನು ಅವರೂ ಓದಲಿ ಅಂತ ಪತ್ರಿಕೆಗೂ ಕೊಡುತ್ತಿದ್ದೇನೆ.

ಮೊದಲು ನೀನು ಹೇಗೆ ಮಲಗುತ್ತೀ ಅನ್ನುವುದನ್ನು ಯೋಚಿಸು, ಚೀಲದ ಮಾತು ಆಮೇಲೆ. ಕೂಸಾಗಿದ್ದಾಗಿನಿಂದ ನೀನು ಮೊಣಕಾಲನ್ನು ಎದೆಗೆ ಎಳೆದುಕೊಂಡು ಮಗ್ಗುಲಾಗಿ ಮಲಗುವವಳು. ಬೆಳಗಾಗುವುದರೊಳಗೆ ಹಾಸಿಗೆಯ ಆ ತುದಿಯಿಂದ ಈ ತುದಿಗೆ ಬಂದಿರುತ್ತಿದ್ದೆ. ಇದು ದೋಷವಲ್ಲ. ನಿದ್ದೆಯಲ್ಲಿ ಎಲ್ಲರೂ ಹೊರಳುತ್ತಾರೆ. ಒಂದೇ ಕಡೆ ಭಾರ ಬಿದ್ದ ಭುಜ, ಸೊಂಟ ನೋಯತೊಡಗಿದರೆ ಎಚ್ಚರವಿಲ್ಲದೆಯೂ ಮೈ ತಾನೇ ಮಗ್ಗುಲು ಬದಲಿಸಿಕೊಳ್ಳುತ್ತದೆ. ಹಗಲೆಲ್ಲ ನಡೆದು ಮೀನಖಂಡ ಬಿಗಿದುಕೊಂಡ ರಾತ್ರಿಯಂತೂ ಕಾಲು ಚಾಚಬೇಕು, ಮಡಿಚಬೇಕು, ಒಂದರ ಮೇಲೊಂದು ಹಾಕಬೇಕು. ಅದಕ್ಕೆ ಎಡೆ ಕೊಡದ ಚೀಲ ಎಷ್ಟು ಬೆಚ್ಚಗಿದ್ದರೂ ನಿನಗೆ ನಿದ್ದೆ ಕೊಡುವುದಿಲ್ಲ.

ನೀನು ಮೆಚ್ಚಿಕೊಂಡಿರುವ ಆ ನೀಲಿ ಚೀಲಕ್ಕೆ ಮಮ್ಮಿ ಆಕಾರ ಎನ್ನುತ್ತಾರೆ. ಭುಜದ ಹತ್ತಿರ ಅಗಲ, ಕಾಲಿನ ಕಡೆ ಕಿರಿದು, ತಲೆಗೆ ಮುಸುಕು. ಹಾಗೆ ಕಿರಿದು ಮಾಡಿರುವುದಕ್ಕೆ ಕಾರಣ ಇದೆ. ಚೀಲ ತಾನಾಗಿ ಶಾಖ ಹುಟ್ಟಿಸುವುದಿಲ್ಲ. ಮೈಯ ಶಾಖವನ್ನು ಒಳಗಿನ ಗಾಳಿಯಲ್ಲಿ ಹಿಡಿದಿಡುತ್ತದೆ, ಅಷ್ಟೆ. ಒಳಗೆ ಗಾಳಿ ಹೆಚ್ಚಿದ್ದಷ್ಟೂ ಅದನ್ನು ಕಾಯಿಸಲು ಮೈ ಹೆಚ್ಚು ದುಡಿಯಬೇಕು. ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಈ ಲೆಕ್ಕ ಪ್ರಾಣ ಉಳಿಸುವಂಥದ್ದು. ನಮ್ಮ ಸೀಮೆಯಲ್ಲಿ ಮಾರ್ಗಶಿರ, ಪುಷ್ಯದ ಕೊರೆಯುವ ರಾತ್ರಿಗಳಲ್ಲೂ ಚಳಿ 15 ಡಿಗ್ರಿಯ ಆಸುಪಾಸು. ಕೊಟ್ಟೂರೇಶ್ವರನ ತೇರಿನ ಹೊತ್ತಿಗೆ, ಮಾಘ ಬಹುಳದಲ್ಲಿ, ಹಗಲು ಬಿಸಿಲು ಆಗಲೇ ಸುಡುತ್ತಿರುತ್ತದೆ. ನಡುರಾತ್ರಿವರೆಗೆ ಹೊದಿಕೆಯೇ ಬೇಡವೆನಿಸುತ್ತದೆ, ಬೆಳಗಿನ ಜಾವ ಇಬ್ಬನಿ ಬಿದ್ದಾಗ ಮಾತ್ರ ಏನಾದರೂ ಎಳೆದುಕೊಳ್ಳಬೇಕು ಅನಿಸುತ್ತದೆ. ಇಂಥ ಹವೆಗೆ ಬೇಕಾದದ್ದು ಅರ್ಧ ತೆರೆದು ಅರ್ಧ ಮುಚ್ಚಿಕೊಳ್ಳಲು ಬರುವ, ಬೇಡವಾದಾಗ ಒದ್ದು ತೆಗೆಯಲು ಬರುವ ಹೊದಿಕೆ.

ಹೊಲದಲ್ಲೇ ರಾತ್ರಿ ಕಳೆಯುವ ನಮ್ಮ ಕುರಿಗಾಹಿಗಳನ್ನು ನೋಡು. ಸುಗ್ಗಿ ಮುಗಿದ ಮೇಲೆ ಹಡಗಲಿ ಕಡೆ ತುಂಗಭದ್ರೆಯ ದಂಡೆಯ ಹೊಲಗಳಲ್ಲಿ ಮಂದೆ ನಿಲ್ಲಿಸುತ್ತಾರಲ್ಲ, ಕುರಿಯ ಹಿಕ್ಕೆ, ಗಂಜಲ ಗೊಬ್ಬರವಾಗಲಿ ಎಂದು ಹೊಲದವರೇ ಕರೆಸಿಕೊಳ್ಳುತ್ತಾರೆ. ಕುರಿಗಳನ್ನು ಬಲೆಯೊಳಗೆ ಕೂಡಿ, ಬಲೆಯ ಪಕ್ಕದಲ್ಲೇ ಅವರು ಮಲಗುತ್ತಾರೆ. ಹಾಸಲು ಹೊದೆಯಲು ಎಲ್ಲಕ್ಕೂ ಒಂದೇ ಕರಿ ಕಂಬಳಿ. ಅವರು ಅದನ್ನು ಮೈಗೆ ಸುತ್ತಿಕೊಳ್ಳುವ ಬಗೆಯನ್ನು ಹತ್ತಿರದಿಂದ ನೋಡಿದ್ದೇನೆ. ಕಂಬಳಿಯ ಒಂದು ಮಗ್ಗುಲನ್ನು ನೆಲಕ್ಕೆ ಹಾಸಿ, ಇನ್ನೊಂದು ಮಗ್ಗುಲನ್ನು ಮೇಲೆ ಎಳೆದು, ಕಾಲ ಕಡೆಯ ಅಂಚನ್ನು ಹಿಮ್ಮಡಿಯಿಂದ ಒಳಕ್ಕೆ ಒತ್ತುತ್ತಾರೆ. ಎದೆಯ ಕಡೆಯ ಅಂಚು ಮಾತ್ರ ಸಡಿಲ. ಮಗ್ಗುಲಾದರೆ ಕಂಬಳಿಯೂ ಜೊತೆಗೆ ಬರುತ್ತದೆ, ಮೊಣಕಾಲು ಎತ್ತಿದರೆ ಡೇರೆಯಂತೆ ಏಳುತ್ತದೆ. ನಾಯಿ ಬೊಗಳಿತೋ, ತೋಳ ಬಂತೆಂದು ಒಂದೇ ಏಟಿಗೆ ಕಿತ್ತೆಸೆದು ಕೋಲು ಹಿಡಿದು ನಿಂತಿರುತ್ತಾರೆ. ಮಳೆ ಬಂದರೆ ಅದೇ ಕಂಬಳಿ ತಲೆಯ ಮೇಲೆ ಕೊಪ್ಪೆಯಾಗುತ್ತದೆ. ಉಣ್ಣೆ ಒದ್ದೆಯಾದರೂ ಒಂದಿಷ್ಟು ಬೆಚ್ಚಗೇ ಇರುತ್ತದೆ. ಮೇಲೆ ಹುಣಸೆ ಬೀಜದ ಗಂಜಿ ಹಚ್ಚಿರುವುದರಿಂದ ನೂಲು ಬಿಗಿದು, ಸಣ್ಣ ಹನಿಗೆ ನೀರು ಬೇಗ ಇಳಿಯುವುದಿಲ್ಲ.

ಅವರಿಗೆ ಬೆಚ್ಚಗಿರುವುದೆಷ್ಟು ಮುಖ್ಯವೋ ಥಟ್ಟನೆ ಎದ್ದು ನಿಲ್ಲುವುದೂ ಅಷ್ಟೇ ಮುಖ್ಯ. ಬಯಲಲ್ಲಿ, ಶಾಲೆಯ ಪಡಸಾಲೆಯಲ್ಲಿ, ದಾರಿಬದಿಯ ಪೆಂಡಾಲಿನಲ್ಲಿ ಗುರುತಿಲ್ಲದ ಜನರ ನಡುವೆ ಮಲಗುವ ಹೆಣ್ಣುಮಗಳಿಗೂ ಅದು ಅಷ್ಟೇ ಮುಖ್ಯ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಪಾದಯಾತ್ರೆಯ ದಾರಿಯುದ್ದಕ್ಕೂ ಜನ ಕರೆದು ಊಟ, ಮಜ್ಜಿಗೆ, ಬಾಳೆಹಣ್ಣು ಕೊಡುತ್ತಾರೆ. ಅವರ ಪ್ರೀತಿಯ ಮೇಲೆ ನನಗೆ ಸಂಶಯವಿಲ್ಲ. ಆದರೂ ಕತ್ತಲಲ್ಲಿ ಕೈಕಾಲು ಬಿಡಿಸಿಕೊಳ್ಳಲು ತಿಣುಕಾಡಬೇಕಾದ ಚೀಲದೊಳಗೆ ನೀನು ಮಲಗುವುದು ನನಗೆ ಬೇಡ.

ಹಾಗಾದರೆ ಕಂಬಳಿಯನ್ನೇ ಒಯ್ಯಲೇ ಎಂದು ಕೇಳುತ್ತೀ. ಎತ್ತಿನ ಬಂಡಿ, ಟ್ರ್ಯಾಕ್ಟರ್ ಕಟ್ಟಿಕೊಂಡು ಮೈಲಾರದ, ಕುರುವತ್ತಿಯ ಜಾತ್ರೆಗೆ ಹೋಗುವವರಿಗೆ ಕಂಬಳಿ, ಕೌದಿಗಿಂತ ಒಳ್ಳೆಯದು ಇಲ್ಲ. ಮೈಲಾರದ ಡೆಂಕನ ಮರಡಿಯಲ್ಲಿ ಕಾರ್ಣಿಕದ ಭವಿಷ್ಯನುಡಿ ಕೇಳಲು ಸೇರುವ ಜನ ಬಂಡಿಯಡಿಯಲ್ಲಿ ಹಾಸಿಕೊಂಡು ಹಾಯಾಗಿ ಮಲಗುತ್ತಾರೆ. ಆದರೆ ಬೆನ್ನ ಮೇಲೆ ಹೊತ್ತು ನಡೆಯುವವಳಿಗೆ ಕಂಬಳಿಯ ತೂಕ ಹೆಚ್ಚಾಗುತ್ತದೆ. ಅಲ್ಲಿ ಸ್ಲೀಪಿಂಗ್ ಬ್ಯಾಗಿನ ಹಗುರವೇ ಮೇಲು. ಹಾಗೆ ನೋಡಿದರೆ ಅದೂ ಕಂಬಳಿಯ ವಂಶದ್ದೇ. ವೇಲ್ಸ್ ನಾಡಿನ ನ್ಯೂಟೌನ್ ಎಂಬ ಊರಿನ ಉಣ್ಣೆ ಬಟ್ಟೆ ವ್ಯಾಪಾರಿ ಪ್ರೈಸ್ ಜೋನ್ಸ್ 1876ರಲ್ಲಿ ‘ಯೂಕ್ಲಿಸಿಯಾ’ ಎಂಬ ಹೊದಿಕೆಗೆ ಪೇಟೆಂಟ್ ಪಡೆದ. ಅದು ಉಣ್ಣೆಯ ಕಂಬಳಿಯೇ. ತಲೆಯ ಕಡೆ ಗಾಳಿ ತುಂಬುವ ರಬ್ಬರಿನ ದಿಂಬಿಗೊಂದು ಜೇಬು, ಒಳಗೆ ಮಲಗಿ ಮೇಲಿಂದ ಮಡಚಿ ಬಿಗಿದುಕೊಳ್ಳುವ ಏರ್ಪಾಡು. ರಷ್ಯದ ಸೈನ್ಯಕ್ಕೂ ಅವನ್ನು ಮಾರಿದ. ನಮ್ಮ ಕುರಿಗಾಹಿ ಹಿಮ್ಮಡಿಯಲ್ಲಿ ಒತ್ತಿ ಮಾಡುವುದನ್ನೇ ಆತ ಮಡಚಿ ಬಿಗಿದು ಮಾಡಿದ.

ಈಗ ಅಂಗಡಿಯ ಮಾತು. ಅಗಲ ಒಂದೇ ಸಮನಾಗಿರುವ, ಚೌಕಾಕಾರದ ಚೀಲ ತೆಗೆದುಕೊ. ಜಿಪ್ಪು ಪಕ್ಕದಲ್ಲಿ ಇಳಿದು ಕಾಲಿನ ಕಡೆಯೂ ಪೂರ್ತಿ ತಿರುಗಿ ಬರುವಂತಿರಬೇಕು. ಅಂಥದ್ದನ್ನು ಪೂರ್ತಿ ಬಿಚ್ಚಿದರೆ ರಜಾಯಿಯಂತೆ ಹರಡುತ್ತದೆ, ಸೆಕೆಯಾದರೆ ಹಾಸಿಕೊಳ್ಳಬಹುದು, ಇಬ್ಬರು ಹೊದೆಯಬಹುದು. ಜಿಪ್ಪಿಗೆ ಎರಡು ರನ್ನರ್ ಇದ್ದರೆ ಇನ್ನೂ ಒಳ್ಳೆಯದು. ಎದೆ ಮುಚ್ಚಿಕೊಂಡೇ ಪಾದ ಮಾತ್ರ ಹೊರಗಿಡಬಹುದು. ಬೊಬ್ಬೆ ಎದ್ದ ಪಾದಕ್ಕೆ ಗಾಳಿ ತಾಗುವ ಸುಖ ನಡೆದವರಿಗೇ ಗೊತ್ತು. ಚೌಕದ್ದು ತೀರಾ ದೊಡ್ಡ ಗಂಟಾಯಿತು ಅನಿಸಿದರೆ, ಸೊಂಟ ಮೊಣಕಾಲಿನ ಹತ್ತಿರ ಉಬ್ಬಿಸಿ ಹೊಲಿದ, ಮಮ್ಮಿಗೂ ಚೌಕಕ್ಕೂ ನಡುವಿನ ಆಕಾರದವೂ ಇವೆ. ಮಗ್ಗುಲಾಗಿ ಮಲಗುವವರಿಗೆಂದೇ ಮಾಡಿದವು. ಜಪಾನಿನ ಮಾಂಟ್‌ಬೆಲ್‌ನವರು ಮೈ ಅಲುಗಿದಂತೆ ಹಿಗ್ಗಿ ಕುಗ್ಗುವ ಹೊಲಿಗೆಯ ಚೀಲಗಳನ್ನೂ ಮಾಡುತ್ತಾರೆ. ಅಷ್ಟು ದುಡ್ಡು ಸುರಿಯುವ ಅಗತ್ಯ ನಮ್ಮ ದಾರಿಗಿಲ್ಲ.

ಅಂಗಡಿಯವರು ಏನಂದುಕೊಂಡಾರೆಂದು ನಾಚಬೇಡ. ರಾತ್ರಿ ಉಡುವ ಬಟ್ಟೆಯಲ್ಲೇ ಹೋಗು, ಚಪ್ಪಲಿ ಬಿಟ್ಟು ನೆಲದ ಮೇಲೆ ಚೀಲ ಹಾಸಿ ಒಳಗೆ ಸೇರಿಕೊ. ಜಿಪ್ಪು ಎಳೆದು, ಮೊಣಕಾಲನ್ನು ಎದೆಯ ಮಟ್ಟಕ್ಕೆ ತಾ. ಮೊಣಕಾಲು ಬಟ್ಟೆಯನ್ನು ಬಿಗಿದು ಹಿಡಿದರೆ ಅಲ್ಲಿ ಒಳಗಿನ ಹೂರಣ ಅಮುಕಿ ತೆಳ್ಳಗಾಯಿತೆಂದೇ ಅರ್ಥ, ಬೆಳಗಿನ ಜಾವ ಅಲ್ಲೇ ಚಳಿ ಹೊಗುತ್ತದೆ. ಎರಡೂ ಕೈಯನ್ನು ಎದೆಯ ಮೇಲೆ ಕಟ್ಟಿ ನೋಡು, ಬಿಚ್ಚಿ ನೋಡು. ಎಡಕ್ಕೆ ಬಲಕ್ಕೆ ಹೊರಳು. ಕೊನೆಗೆ ಕಣ್ಣು ಮುಚ್ಚಿಕೊಂಡು, ಒಂದೇ ಕೈಯಲ್ಲಿ ಜಿಪ್ಪು ತೆರೆದು ಎದ್ದು ಕೂಡು. ಜಿಪ್ಪು ಅಂಚಿನ ಬಟ್ಟೆಯನ್ನು ಕಚ್ಚಿಕೊಂಡು ನಿಂತಿತೋ, ಆ ಚೀಲವನ್ನು ಅಲ್ಲೇ ಬಿಟ್ಟು ಬಾ. ಉದ್ದ ನಿನ್ನ ಎತ್ತರಕ್ಕಿಂತ ಒಂದು ಗೇಣಾದರೂ ಹೆಚ್ಚಿರಲಿ. ಇದೆಲ್ಲ ಫೋನಿನಲ್ಲಿ ಚಿತ್ರ ನೋಡಿ ತಿಳಿಯುವ ಸಂಗತಿಯಲ್ಲ. ಬೆಂಗಳೂರಿನಲ್ಲಿ ಇದ್ದೀಯಲ್ಲ, ಒಂದು ಭಾನುವಾರ ಹೋಗಿ ಬಾ. ನಿಮ್ಮ ಗುಂಪಿನಲ್ಲಿ ಸೀರೆ ಉಡುವ ಹಿರಿಯರಿದ್ದರೆ ಅವರಿಗೂ ಚೌಕದ್ದನ್ನೇ ಹೇಳು. ಸೀರೆ ಉಟ್ಟು ಮಮ್ಮಿ ಚೀಲದೊಳಗೆ ಕಾಲು ಅಲುಗಿಸಲು ಆಗುವುದಿಲ್ಲ, ನೆರಿಗೆ ತೊಡರಿ ಮುದ್ದೆಯಾಗುತ್ತದೆ.

ಚೀಲದ ಚೀಟಿಯ ಮೇಲೆ ಡಿಗ್ರಿಯ ಅಂಕಿಗಳಿರುತ್ತವೆ. ಐಎಸ್‌ಒ 23537 ಎಂಬ ಅಳತೆಯ ಪ್ರಕಾರ ‘ಕಂಫರ್ಟ್’ ಎನ್ನುವ ಅಂಕಿ, ಸಾಧಾರಣ ಮೈಕಟ್ಟಿನ ಹೆಂಗಸು ಕೈಕಾಲು ಸಡಿಲ ಬಿಟ್ಟು ಮಲಗಿದಾಗ ಚಳಿ ಎನಿಸದ ಮಟ್ಟ. ‘ಲಿಮಿಟ್’ ಎನ್ನುವುದು ಗಂಡಸು ಮುದುಡಿಕೊಂಡು ಮಲಗಿ ಹೇಗೋ ತಡೆದುಕೊಳ್ಳುವ ಮಟ್ಟ. ಜಾಹೀರಾತಿನಲ್ಲಿ ಈ ಎರಡನೆಯದನ್ನೇ ದಪ್ಪಕ್ಷರದಲ್ಲಿ ಹಾಕುವುದುಂಟು. ನೀನು ಕಂಫರ್ಟ್ ಅಂಕಿಯನ್ನಷ್ಟೇ ನೋಡು. 10ರಿಂದ 15 ಇದ್ದರೆ ನಮ್ಮ ಕಡೆಯ ತಾಲ್ಲೂಕುಗಳಿಗೆಲ್ಲ ಧಾರಾಳ. ಸೊನ್ನೆಯ ಕೆಳಗಿನದು ತಂದರೆ ಬೆವೆತು, ಜಿಪ್ಪು ತೆರೆದು, ಬೆವರು ಆರಿ ಮತ್ತೆ ನಡುಗುತ್ತೀ. ಮುಂದೆ ಹಿಮಾಲಯಕ್ಕೆ ಹೋಗುವ ಆಸೆ ಇದೆಯಲ್ಲ, ಅದಕ್ಕೆ ಈಗಲೇ ಕೊಳ್ಳಬೇಡ. ಚಾರಣಕ್ಕೆ ಕರೆದೊಯ್ಯುವವರ ಬಳಿ ಅಂಥ ಚೀಲಗಳು ಸಾಮಾನ್ಯವಾಗಿ ಇರುತ್ತವೆ.

ಬಾತುಕೋಳಿಯ ತುಪ್ಪಳ ತುಂಬಿದ್ದು ಹಗುರ ನಿಜ, ಆದರೆ ಒದ್ದೆಯಾದರೆ ಮುದ್ದೆಯಾಗಿ ಶಾಖ ಹಿಡಿಯುವುದನ್ನೇ ಬಿಡುತ್ತದೆ. ಪಾಲಿಯೆಸ್ಟರ್ ತುಂಬಿದ್ದೇ ಸಾಕು. ಜಾತ್ರೆಯ ಧೂಳು ಕುಡಿದು ಬಂದ ಮೇಲೆ ಮನೆಯಲ್ಲೇ ಒಗೆದು ಒಣಹಾಕಬಹುದು. ಒಗೆದ ಮೇಲೆ ಅದರ ಪುಟ್ಟ ಗವಸಿಗೆ ತುರುಕಿ ವರ್ಷಗಟ್ಟಲೆ ಅಟ್ಟಕ್ಕೆ ಹಾಕಬೇಡ, ಸಡಿಲವಾಗಿ ಮಡಚಿಡು.

ನೆಲದ ಮಾತನ್ನು ಎಲ್ಲರೂ ಮರೆಯುತ್ತಾರೆ. ಮೈಯ ಭಾರಕ್ಕೆ ಚೀಲದ ಅಡಿಭಾಗ ಅಮುಕಿ ಹಪ್ಪಳವಾಗುವುದರಿಂದ ಕೆಳಗಿನ ಚಳಿಗೆ ಅದು ತಡೆಯೇ ಅಲ್ಲ. ಶಾಲೆಯ ಕಡಪ ಕಲ್ಲಿನ ಮೇಲಾದರೂ, ಎರೆಹೊಲದ ಮೇಲಾದರೂ ಕೆಳಗೆ ಸುರುಳಿ ಸುತ್ತುವ ಫೋಮ್ ಚಾಪೆಯೊಂದು ಬೇಕೇ ಬೇಕು. ಮಗ್ಗುಲಾಗಿ ಮಲಗುವ ನಿನ್ನ ಸೊಂಟಕ್ಕೆ ಅದು ಚೀಲಕ್ಕಿಂತ ಹೆಚ್ಚು ಉಪಕಾರ ಮಾಡುತ್ತದೆ. ಎರೆಮಣ್ಣು ಬಿರುಕು ಬಿಟ್ಟಿರುವ ಕಡೆ ಚೇಳು, ಹಾವಿನ ಭಯ ಇರುತ್ತದೆ. ಚೀಲವನ್ನು ಮೊದಲೇ ಹಾಸಿಡದೆ ಮಲಗುವ ಹೊತ್ತಿಗೆ ಬಿಚ್ಚಿ, ಒಳಹೊರಗು ಮಾಡಿ ಕೊಡವಿ, ಟಾರ್ಚ್ ಬಿಟ್ಟು ನೋಡಿ ಒಳಗೆ ಹೋಗು. ಕೂಡ್ಲಿಗಿಯ ಗುಡೇಕೋಟೆ ಕಡೆ ಹೋದಾಗ ಮಾತ್ರ ಬಯಲಲ್ಲಿ ಮಲಗುವ ಯೋಚನೆಯನ್ನೇ ಮಾಡಬೇಡ. ಅದು ಕರಡಿಧಾಮ. ಕತ್ತಲಾಗುವುದರೊಳಗೆ ಊರು ಸೇರಿಕೊ.

ಒಳಪದರಕ್ಕೆ ರೇಷ್ಮೆಯದು, ಮೈಕ್ರೋಫೈಬರಿನದು ಎಂದು ಬೇರೆ ಮಾರುತ್ತಾರೆ. ದುಡ್ಡು ದಂಡ. ನನ್ನ ಹಳೆಯ ನೂಲಿನ ಸೀರೆಯೊಂದನ್ನು ತೆಗೆದಿಟ್ಟಿದ್ದೇನೆ, ಒಗೆದೊಗೆದು ಮೆತ್ತಗಾಗಿದೆ. ಉದ್ದಕ್ಕೆ ಎರಡು ಮಡಿಕೆ ಮಾಡಿ, ಕಾಲ ಕಡೆ ಪೂರ್ತಿಯಾಗಿ, ಪಕ್ಕದಲ್ಲಿ ಮೊಣಕಾಲಿನವರೆಗೆ ಮಾತ್ರ ಕೌದಿಯ ಹೊಲಿಗೆ ಹಾಕಿ ಕೊಡುತ್ತೇನೆ. ಮೇಲಿನದೆಲ್ಲ ತೆರೆದೇ ಇರಲಿ, ಆಗ ಕಾಲಿಗೆ ತೊಡರುವುದಿಲ್ಲ. ಸೆಕೆಯ ರಾತ್ರಿ ಅದೊಂದನ್ನೇ ಹೊದ್ದು ಮಲಗಬಹುದು. ಚೀಲ ಕೊಂಡ ಮೇಲೆ ಅದರ ಒಳಅಗಲವನ್ನೂ ಜಿಪ್ಪು ಎಡಕ್ಕೋ ಬಲಕ್ಕೋ ಎಂಬುದನ್ನೂ ಅಳತೆ ಪಟ್ಟಿ ಹಿಡಿದು ನೋಡಿ ನನಗೆ ತಿಳಿಸು. ಅದಕ್ಕೆ ಹೊಂದುವಂತೆ ಹೊಲಿದಿಟ್ಟಿರುತ್ತೇನೆ, ಹರಪನಹಳ್ಳಿಯ ಮೇಲೆ ಹಾಯುವಾಗ ಮನೆಗೆ ಬಂದು ತೆಗೆದುಕೊಂಡು ಹೋಗು. ಗೆಳತಿಯರನ್ನೂ ಕರೆದುಕೊಂಡು ಬಾ, ಊಟ ಮಾಡಿಕೊಂಡೇ ಮುಂದೆ ನಡೆಯಿರಿ.

ಇತಿ,
ನಿನ್ನ ಸೋದರತ್ತೆ