ನುಸಿಗುಳಿಗೆಯಿಂದ ಹೆದ್ದಾರಿ ಹೊಗೆಯವರೆಗೆ

ಹೊಸೂರು–ಕೃಷ್ಣಗಿರಿ ನಡುವಿನ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಸಿಗುವ ಊರು ಸೂಳಗಿರಿ. ಇಂಥ ಊರಲ್ಲಿ ನ್ಯಾಫ್ತಲೀನ್ ಎರಡು ಕಡೆಯಿಂದ ಮೂಗಿಗೆ ಬಡಿಯುತ್ತದೆ: ಹೊರಗೆ ಲಾರಿಗಳ ಡೀಸೆಲ್ ಹೊಗೆ, ಒಳಗೆ ಸೀರೆ ಪೆಟ್ಟಿಗೆಯ ನುಸಿಗುಳಿಗೆ. ಸೌದೆ ಒಲೆ, ಬೀಡಿ ಹೊಗೆಯಲ್ಲೂ ಅದುಂಟು.

ಎರಡು ಬೆಂಜೀನ್ ಉಂಗುರಗಳು ಬೆಸೆದ ಈ ವಸ್ತು ಬಹುಚಕ್ರೀಯ ಆರೊಮ್ಯಾಟಿಕ್ ಹೈಡ್ರೊಕಾರ್ಬನ್‌ಗಳಲ್ಲೇ ಅತಿ ಸರಳ; ಅಣುವಿನಲ್ಲಿ 10 ಇಂಗಾಲ, 8 ಜಲಜನಕ. ಕರಗುವ ಬಿಂದು ಸುಮಾರು 80 ಡಿಗ್ರಿ ಸೆಲ್ಸಿಯಸ್. ಆದರೂ ಗುಳಿಗೆ ಪೆಟ್ಟಿಗೆಯಲ್ಲೇ ಸವೆದು ಮಾಯವಾಗುತ್ತದಲ್ಲ, ಅದು ಉತ್ಪತನ. ಆ ಆವಿಯನ್ನೇ ನಾವು ಉಸಿರಾಡುವುದು. ಒಳಹೋದದ್ದು ನ್ಯಾಫ್ತಾಲ್ ಆಗಿ ಮೂತ್ರದಲ್ಲಿ ಹೊರಬರುತ್ತದೆ. ಸಂಪರ್ಕ ಎಷ್ಟೆಂದು ಅಳೆಯುವುದೂ ಅದರಿಂದಲೇ.

ಜಿ6ಪಿಡಿ ಕಿಣ್ವದ ಕೊರತೆಯಿರುವವರಲ್ಲಿ, ಮುಖ್ಯವಾಗಿ ಹಸುಗೂಸುಗಳಲ್ಲಿ, ನ್ಯಾಫ್ತಲೀನ್ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಹಾಗಾಗಿ ಗುಳಿಗೆಯಿಟ್ಟ ಬಟ್ಟೆಯನ್ನು ಬಿಸಿಲಿಗೆ ಹಾಕದೆ ಮಗುವಿಗೆ ಹೊದಿಸಬಾರದು.

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2002ರಲ್ಲಿ ನ್ಯಾಫ್ತಲೀನನ್ನು 2ಬಿ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರಬಹುದಾದವುಗಳ ಗುಂಪಿಗೆ, ಸೇರಿಸಿತು. ಅದರ ದಾಯಾದಿ ಬೆಂಜೊ(ಎ)ಪೈರೀನ್ 1ನೇ ಗುಂಪಿನದು, ಅಂದರೆ ಕ್ಯಾನ್ಸರ್ ತರುವುದು ಖಚಿತವಾದದ್ದು. ಭಾರತದ 2009ರ ವಾಯು ಮಾನದಂಡದಲ್ಲಿ ಬೆಂಜೊ(ಎ)ಪೈರೀನ್‌ನ ವಾರ್ಷಿಕ ಮಿತಿ ಘನ ಮೀಟರಿಗೆ 1 ನ್ಯಾನೊಗ್ರಾಂ.

ಆದರೆ ನುಸಿಗುಳಿಗೆಗಳೆಲ್ಲ ನ್ಯಾಫ್ತಲೀನ್ ಅಲ್ಲ. ಕೆಲವು ಪ್ಯಾರಾಡೈಕ್ಲೋರೊಬೆಂಜೀನ್, ಅದೂ 2ಬಿ ಗುಂಪಿನದೇ.